ಧೂಮಕೇತುವಿಗೆ ಮಲಗಿದ ಬಾಗಿಲು

ಕತ್ತಲೆ ಕೋಣೆಯ ಬೀಗದ ಕೈ ಕೊಟ್ಟುಬಿಡಿ ಎಂದು ಪ್ರಿನ್ಸಿಪಾಲ್ ಮೇಡಂ ನೇರವಾಗಿ ಹೇಳಲಿಲ್ಲ. ಅವರು ಹಾಗೆ ಕಟುವಾಗಿ ಮಾತಾಡುವವರಲ್ಲ. "ಆ ರೂಮು ವರ್ಷದಲ್ಲಿ ಎಷ್ಟು ದಿನ ತೆರೀತೀರಮ್ಮಾ?" ಎಂದು ತಮಿಳಿನಲ್ಲಿ ಮೆಲ್ಲಗೆ ಕೇಳಿದರು. ಪಕ್ಕದ ಕುರ್ಚಿಯಲ್ಲಿ ಹೊಲಿಗೆ ಟೀಚರ್ ತಮ್ಮ ಸೆರಗಿನ ಅಂಚನ್ನೇ ನೋಡುತ್ತ ಕೂತಿದ್ದರು. ಅಷ್ಟರಲ್ಲೇ ನನಗೆ ವಿಷಯ ಅರ್ಥವಾಯಿತು.

1986ರ ಫೆಬ್ರವರಿ ಅದು. ಕೊಯಮತ್ತೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ನಾನು ಡೆಮಾನ್‌ಸ್ಟ್ರೇಟರ್. ಲ್ಯಾಬಿನ ಹಿಂದೆ, ಮೆಟ್ಟಿಲ ಕೆಳಗೆ, ಫೋಟೋ ತೊಳೆಯುವ ಕತ್ತಲೆ ಕೋಣೆ ಇತ್ತು. ಅದರ ಕಿಟಕಿಗೆ ಕಪ್ಪು ಬಣ್ಣ ಬಳಿದವಳು ನಾನು, ನಲ್ಲಿ ಸೋರಿದರೆ ಬಟ್ಟೆ ಕಟ್ಟಿದವಳೂ ನಾನೇ. ಕೊನೆಯ ವರ್ಷದ ಹುಡುಗಿಯರು ಬೆಳಕಿನ ಪಟ್ಟಿಗಳ ಚಿತ್ರ ತೆಗೆದು ಅಲ್ಲೇ ತೊಳೆಯುತ್ತಿದ್ದರು. ಆ ರೂಮು ಹೋದರೆ ಅವರ ಪ್ರಾಕ್ಟಿಕಲ್ ಹೋಗುತ್ತದೆ, ನಾನು ಸ್ಕ್ರೂಗೇಜು ಒರೆಸಿ ಕಪಾಟಿಗೆ ಇಡುವವಳಾಗಿ ಉಳಿಯುತ್ತೇನೆ. ಹೊಲಿಗೆ ವಿಭಾಗಕ್ಕೆ ಹೊಸ ಮಿಷನ್ನುಗಳು ಬಂದಿದ್ದವು, ವರಾಂಡದಲ್ಲಿ ಗೋಣಿ ಹೊದ್ದು ನಿಂತಿದ್ದವು. ಅವರ ಕಷ್ಟವೂ ಸುಳ್ಳಲ್ಲ.

ಕೊನೆಗೆ ಮೇಡಂ ಒಂದು ದಾರಿ ಬಿಟ್ಟರು. "ಹ್ಯಾಲಿ ಧೂಮಕೇತು ಬಂದಿದೆ ಅಂತ ಪೇಪರಿನಲ್ಲೆಲ್ಲ ಅದೇ ಸುದ್ದಿ. ಏಪ್ರಿಲ್ ಪ್ರದರ್ಶನಕ್ಕೆ ನಮ್ಮ ಕಾಲೇಜೇ ತೆಗೆದ ಚಿತ್ರ ಗೋಡೆ ಮೇಲೆ ಇರಲಿ. ಅದು ನಿಮ್ಮ ರೂಮಿನಿಂದ ಬಂದರೆ ರೂಮಿನ ಮಾತು ಮತ್ತೆ ಎತ್ತೋದಿಲ್ಲ."

ಹೊರಗೆ ಬಂದಾಗ ಹೊಲಿಗೆ ಟೀಚರ್ ನನ್ನ ಕೈ ಹಿಡಿದರು. "ತಪ್ಪು ತಿಳೀಬೇಡಿ ಅಕ್ಕಾ. ನಿಮಗೆ ಚಿತ್ರ ಸಿಗಲಿ ಅಂತ ಮರುದಮಲೈ ಮುರುಗನಿಗೆ ಬೇಡ್ಕೊತೀನಿ. ಸಿಗದೇ ಹೋದರೆ ಮಿಷನ್ ಒಳಗೆ ಇಡೋಕೆ ಆಳು ಕಳಿಸ್ತೀನಿ."

ಚಿತ್ರ ತೆಗೆಯುವುದು ಅಷ್ಟು ಸುಲಭವಲ್ಲ. ಧೂಮಕೇತು ಮಂಕು. ಕ್ಯಾಮೆರಾದ ಕಣ್ಣನ್ನು ಹತ್ತು ನಿಮಿಷವಾದರೂ ತೆರೆದಿಡಬೇಕು. ಅಷ್ಟರಲ್ಲಿ ಭೂಮಿ ತಿರುಗಿಬಿಡುತ್ತದೆ, ಚುಕ್ಕೆಗಳೆಲ್ಲ ಎಳೆದ ಗೆರೆಯಾಗುತ್ತವೆ. ಆಕಾಶ ಹೋದಂತೆ ಹಿಂದೆಯೇ ನಿಧಾನವಾಗಿ ತಿರುಗುವ ಒಂದು ಪೀಠ ಬೇಕು. ಮದರಾಸಿನ ಏಜೆಂಟರಿಂದ ಒಂದು ವಿದೇಶಿ ಪೀಠದ ಕೆಟಲಾಗು ತರಿಸಿದೆ. ಬೆಲೆ ನೋಡಿ ಮುಚ್ಚಿಟ್ಟೆ. ನಮ್ಮ ವಿಭಾಗಕ್ಕೆ ವರ್ಷವಿಡೀ ಬೇಕಾದ ಸಾಮಾನು ಆ ದುಡ್ಡಿನಲ್ಲಿ ಬರುತ್ತಿತ್ತು, ಅದರ ಮೇಲೆ ಆಮದಿನ ಪರ್ಮಿಟ್ಟು ಬೇರೆ. ಊರಿನಲ್ಲೇ ಒಬ್ಬ ನಿವೃತ್ತ ಎಂಜಿನಿಯರರ ಬಳಿ ದೂರದರ್ಶಕ, ಅದಕ್ಕೆ ತಿರುಗುವ ಪೀಠ ಎರಡೂ ಇದ್ದವು. ಹೋಗಿ ಕೇಳಿದೆ. ಕಾಫಿ ಕೊಟ್ಟು, ಪೀಠ ತೋರಿಸಿ, ನಯವಾಗಿ ಕೇಳಿದರು: "ಅಮ್ಮಾ, ಧೂಮಕೇತು ನಿಮ್ಮೊಬ್ಬರಿಗೇನಾ ಬಂದಿರೋದು?"

ಕಾಲೇಜಿನ ಲೈಬ್ರರಿಯ ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಇನ್ನೊಂದು ಉಪಾಯವಿತ್ತು. ಎರಡು ಹಲಗೆ, ಒಂದು ತುದಿಗೆ ಬಾಗಿಲ ಕೀಲು, ಇನ್ನೊಂದು ತುದಿಗೆ ಒಂದು ಬೋಲ್ಟು. ಬೋಲ್ಟನ್ನು ಕೈಯಿಂದ ತಿರುಗಿಸಿದರೆ ಮೇಲಿನ ಹಲಗೆ ಕ್ಯಾಮೆರಾ ಹೊತ್ತು ನಿಧಾನವಾಗಿ ಏಳುತ್ತದೆ. ನೋಡಿದೆ, ಪುಟ ಮಗುಚಿದೆ. ಆಟಿಕೆಯ ಹಾಗಿತ್ತು. ಕಾಲೇಜಿನ ಹೆಸರಿನಲ್ಲಿ ಮಾಡುವ ಕೆಲಸಕ್ಕೆ ಒಂದು ಮೋಟಾರಾದರೂ ಬೇಡವೇ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮನೂರಿನಲ್ಲಿ ಅಕ್ಕನ ಮನೆ. ಭಾವನಿಗೆ ಹತ್ತು ಹನ್ನೆರಡು ಮಗ್ಗದ ಶೆಡ್ಡು, ಅದರ ಒತ್ತಿಗೆ ಒಂದು ಲೇತ್ ಪಟ್ಟರೆ, ಕಬ್ಬಿಣ ಕೊರೆಯುವ ಸಣ್ಣ ಕಾರ್ಖಾನೆ. ಸುತ್ತಲಿನ ಶೆಡ್ಡುಗಳಲ್ಲಿ ಮಗ್ಗ ಕೆಟ್ಟರೆ ಅವರ ಪಟ್ಟರೆಗೇ ಬರಬೇಕು. ಭಾನುವಾರ ನಾನು ಹೋದಾಗ ಅವರು ಎಣ್ಣೆ ಕೈ ಒರೆಸಿಕೊಳ್ಳುತ್ತ ಹೊರಬಂದರು.

"ಏನ್ ಟೀಚರಮ್ಮಾ, ಅಕ್ಕನ್ನ ನೋಡಾಕೆ ಬಂದ್ಯಾ, ಇಲ್ಲ ಮೀನ್ಕೊಳಂಬು ವಾಸನೆ ಕೊಯಮತ್ತೂರಿಗೇ ಬಂತಾ?"

"ನಿಮ್ಮನ್ನ ನೋಡೋಕೇ ಬಂದೆ ಭಾವ."

"ಹಂಗಾದ್ರೆ ಏನೋ ದೊಡ್ಡ ಆಪತ್ತೇ."

ವಿಷಯ ಹೇಳಿದೆ. ನಿಧಾನಕ್ಕೆ ತಿರುಗಬೇಕು, ಎಷ್ಟು ನಿಧಾನ ಎಂದರೆ ಕಣ್ಣಿಗೆ ಕಾಣದಷ್ಟು. ಭಾವ ಹಲ್ಲು ಕಡ್ಡಿ ಕಚ್ಚಿಕೊಂಡು ಕೇಳಿದರು. ಆಮೇಲೆ ನನ್ನನ್ನು ಶೆಡ್ಡಿನೊಳಗೆ ಕರೆದುಕೊಂಡು ಹೋಗಿ ಓಡುತ್ತಿದ್ದ ಮಗ್ಗದ ಮುಂದೆ ನಿಲ್ಲಿಸಿದರು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಬೆರಳು ತೋರಿಸಿದರು. ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಉರುಳೆ. ಲಾಳಿ ಒಂದು ಸಲ ಹಾದುಹೋದರೆ ಅದರ ಹಲ್ಲುಚಕ್ರ ಒಂದು ಹಲ್ಲು ಮುಂದೆ ಸರಿಯುತ್ತದೆ, ಕೊಕ್ಕೆಯೊಂದು ಹಿಂದೆ ಜಾರದಂತೆ ಹಿಡಿಯುತ್ತದೆ. ಒಂದು ಗಜ ಬಟ್ಟೆ ಸುತ್ತಲು ಅದಕ್ಕೆ ಎಷ್ಟೋ ಹೊತ್ತು ಬೇಕು. ಹುಟ್ಟಿದಾಗಿನಿಂದ ಭಾವ ಕಂಡ ನಿಧಾನವೆಂದರೆ ಅದೇ. ನನಗೂ ನಿಂತು ನೋಡಿದಷ್ಟೂ ಸರಿ ಎನಿಸಿತು. ಇಬ್ಬರಲ್ಲಿ ಒಬ್ಬರಿಗಾದರೂ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೊರಗೆ ಬಂದು ಭಾವ ಹೇಳಿದರು: "ನಿನ್ನ ಆಕಾಶನ ನಾನು ಬಟ್ಟೆ ಸುತ್ತಿದಂಗೆ ಸುತ್ತಿಕೊಡ್ತೀನಿ, ಹೋಗು."

ಕೊಯಮತ್ತೂರಿನ ಉಕ್ಕಡದ ಹಳೇ ಕಬ್ಬಿಣದ ಅಂಗಡಿಗಳಲ್ಲಿ ಎರಡು ಸಂಜೆ ಅಲೆದು ಬೇರಿಂಗು, ಒಂದು ಹಿತ್ತಾಳೆಯ ಹಲ್ಲುಚಕ್ರ ತಂದೆ. ಒಂದು ಕಡೆ ಮೀನಿನ ಮಾರುಕಟ್ಟೆ, ಇನ್ನೊಂದು ಕಡೆ ಬಸ್ಸಿನ ಹೊಗೆ. ಮನೆಗೆ ಬಂದ ಮೇಲೆ ಸೀರೆಯನ್ನು ಸೀದಾ ಬಕೆಟ್ಟಿಗೆ ಹಾಕಿದೆ. ಮೋಟಾರನ್ನು ಕೊಟ್ಟದ್ದು ಹೊಲಿಗೆ ಟೀಚರ್. ಹೊಲಿಗೆ ಮಿಷನ್ನಿಗೆ ಜೋಡಿಸುವ ಸಣ್ಣ ಮೋಟಾರು, ಅವರ ಬಳಿ ಒಂದು ಹೆಚ್ಚಿಗೆ ಇತ್ತು. "ನನ್ನ ಸೈನ್ಯದಿಂದಲೇ ಆಯುಧ ಕೊಟ್ಟಿದೀನಿ, ನೆನಪಿರಲಿ" ಎಂದು ನಕ್ಕರು.

ಮಾರ್ಚಿನ ಆರಂಭಕ್ಕೆ ಪೀಠ ತಯಾರಾಯಿತು. ಎರಕದ ತಳ, ಹಸಿರು ಬಣ್ಣ. ಇಬ್ಬರು ಸೇರಿ ಎತ್ತಬೇಕು. ಮೋಟಾರು ಹಾಕಿದರೆ ಕೊಕ್ಕೆ ಟಕ್, ಟಕ್ ಎನ್ನುತ್ತಿತ್ತು. ಭಾವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿಯೇ ಕಳಿಸಿದರು.

ಸೋಮನೂರಿನಲ್ಲಾಗಲಿ ಕೊಯಮತ್ತೂರಿನಲ್ಲಾಗಲಿ ಬೀದಿದೀಪಗಳಿಂದ ರಾತ್ರಿಯೂ ಆಕಾಶ ಬೆಳ್ಳಗಿರುತ್ತದೆ. ಅನ್ನೂರಿನ ಆಚೆ ನನ್ನ ಅಣ್ಣನ ಹೊಲ, ಬಾವಿ, ಪಂಪಿನ ಶೆಡ್ಡು. ಕರೆಂಟೂ ಉಂಟು, ಕತ್ತಲೆಯೂ ಉಂಟು. ಪೀಠವನ್ನು ಟೌನ್ ಬಸ್ಸಿನಲ್ಲಿ ಒಯ್ಯಲು ಕಂಡಕ್ಟರ್ ಒಪ್ಪಲಿಲ್ಲ. "ಗ್ರೈಂಡರ್ ಕಲ್ಲಿಗೆ ಬೇರೆ ವಂಡಿ ನೋಡ್ಕೊಳ್ಳಿ" ಎಂದ. ಕೊನೆಗೆ ಭಾವ ನೂಲಿನ ಗಾಡಿಯಲ್ಲಿ ಹಾಕಿ ತಂದರು.

ಆ ತಿಂಗಳು ಧೂಮಕೇತು ಬೆಳಗಿನ ಜಾವ ಆಗ್ನೇಯದಲ್ಲಿ ಏಳುತ್ತಿತ್ತು. ಕಣ್ಣಿಗೆ ಬೆರಳಿನಿಂದ ಒರೆಸಿದ ಸುಣ್ಣದ ಕಲೆಯ ಹಾಗೆ. ಪರಿಚಯದ ಸ್ಟುಡಿಯೋದವರು ಕೊಟ್ಟಿದ್ದ ಉದ್ದದ ಲೆನ್ಸು ಹಾಕಿ, ವೇಗದ ಕಪ್ಪುಬಿಳುಪು ಫಿಲ್ಮು ತುಂಬಿ, ಹತ್ತು ನಿಮಿಷ ಬಿಟ್ಟೆ. ಟಕ್, ಟಕ್. ಅಣ್ಣ ಕಂಬಳಿ ಹೊದ್ದು ಕೂತು, "ಇದಕ್ಕೆ ಗಡಿಯಾರ ಇದ್ದರೆ ಸಾಕಾಗಿತ್ತಲ್ಲಾ" ಎಂದ. ಮನೆಗೆ ಹೋಗಿ ಮಲಗದೆ ನೇರ ಕಾಲೇಜಿಗೆ ಬಂದು ಫಿಲ್ಮು ತೊಳೆದೆ.

ಒದ್ದೆ ಫಿಲ್ಮನ್ನು ಬಲ್ಬಿಗೆ ಹಿಡಿದೆ. ಒಂದು ಚುಕ್ಕೆಯೂ ಚುಕ್ಕೆಯಾಗಿರಲಿಲ್ಲ. ಒಂದೊಂದೂ ಗಂಟುಗಂಟಾದ ನೂಲಿನ ತುಂಡು. ಆಗ ಹೊಳೆಯಿತು: ಮಗ್ಗದ ಹಲ್ಲುಚಕ್ರ ನಿಧಾನವೇನೋ ಹೌದು, ಆದರೆ ಅದು ಹರಿಯುವುದಿಲ್ಲ, ನೆಗೆಯುತ್ತದೆ. ಒಂದು ಹಲ್ಲು, ತಂಗುವಿಕೆ, ಇನ್ನೊಂದು ಹಲ್ಲು. ಬಟ್ಟೆಗೆ ಅದು ಸಾಕು, ಎಳೆ ಎಳೆಯಾಗಿ ಕೂಡುವ ವಸ್ತು ಅದು. ಆಕಾಶ ಎಳೆ ಎಳೆಯಾಗಿ ಹೋಗುವುದಿಲ್ಲ.

ಭಾವ ಫಿಲ್ಮು ನೋಡಿ ಒಪ್ಪಲಿಲ್ಲ. "ಹಲ್ಲು ದಪ್ಪ ಆಯ್ತು, ಸಣ್ಣದು ಹಾಕ್ತೀನಿ." ಸಣ್ಣ ಹಲ್ಲಿನ ಚಕ್ರ ಹಾಕಿದರು. ಮತ್ತೆ ಹೋದೆವು. ಈ ಸಲ ಇನ್ನೊಂದು ಕಾಟ. ಪಂಪಿಗೆ ಬೇಕಾದ ಮೂರು ಫೇಸಿನ ಕರೆಂಟು ಆ ವಾರ ಆ ಜಾವದಲ್ಲೇ ಬರುತ್ತಿತ್ತು. ಬಂದ ಕೂಡಲೇ ಸುತ್ತಲಿನ ಬಾವಿಗಳ ಮೋಟಾರೆಲ್ಲ ಒಟ್ಟಿಗೆ ಗುಡುಗುತ್ತವೆ, ಶೆಡ್ಡಿನ ಬಲ್ಬು ಕೆಂಪಗಾಗುತ್ತದೆ, ನಮ್ಮ ಹೊಲಿಗೆ ಮೋಟಾರು ಮುದುಕಿಯ ಹಾಗೆ ಏದುಸಿರು ಬಿಡುತ್ತದೆ. ಹಿಂದೆ ಬೀಳುತ್ತದೆ, ಮತ್ತೆ ಒಮ್ಮೆಲೇ ಎರಡು ಹಲ್ಲು ಹಾರುತ್ತದೆ.

"ಅಣ್ಣಾ, ಪಕ್ಕದವರಿಗೆ ಹೇಳಿ ಸ್ವಲ್ಪ ಹೊತ್ತು ಪಂಪು ನಿಲ್ಲಿಸಬಹುದಾ?"

"ನೀರು ಬಿಡೋ ಹೊತ್ತಲ್ಲಿ? ನಿನ್ನ ಧೂಮಕೇತು ನಾಳೆಯೂ ಬರುತ್ತೆ, ಕರೆಂಟು ಬರುತ್ತೋ ಇಲ್ಲವೋ."

ಆ ಫಿಲ್ಮಿನಲ್ಲಿ ಗೆರೆಗಳು ಇನ್ನೂ ಉದ್ದವಾದವು. ಧೂಮಕೇತು ಮೆತ್ತಗಿನ ವಸ್ತುವಾದ್ದರಿಂದ ಗಂಟಿಲ್ಲದೆ ಹರಡಿ, ಗೋಡೆ ಬಳಿಯುವ ಬ್ರಷ್ಷು ಎಳೆದ ಹಾಗೆ ಕಂಡಿತು. ಮೂರನೆಯ ಸಲ ಮೋಡ. ನಾಲ್ಕನೆಯ ಸಲ ಬಸ್ಸೇ ತಪ್ಪಿತು. ಅಷ್ಟರಲ್ಲಿ ಬೆಳದಿಂಗಳು ಬಂದು ಮಾರ್ಚಿನ ಬಾಗಿಲು ಮುಚ್ಚಿತು. ವರಾಂಡದ ಮಿಷನ್ನುಗಳ ಮೇಲಿನ ಗೋಣಿ ತೆಗೆದು ಯಾರೋ ಎಣ್ಣೆ ಹಾಕಿದ್ದರು. ನಾನು ಆ ದಾರಿ ಬಿಟ್ಟು ಸುತ್ತಿಕೊಂಡು ಲ್ಯಾಬಿಗೆ ಹೋಗತೊಡಗಿದೆ.

ಮನೆಯಲ್ಲೂ ನಾನು ಸಿಡುಕುತ್ತಿದ್ದೆ. ಒಂದು ಸಂಜೆ ಹಾಲುಬಾಯಿ ಮಾಡಲು ಅಕ್ಕಿಹಾಲಿಗೆ ಬೆಲ್ಲ ಹಾಕಿ ಕಾಯಿಸುತ್ತಿದ್ದೆ. ಗಂಟು ಕಟ್ಟದಿರಲಿ ಎಂದು ಸೌಟು ನಿಲ್ಲಿಸದೆ ತಿರುಗಿಸುತ್ತಲೇ ಇದ್ದೆ. ಬೇರೆ ಏನನ್ನೋ ಯೋಚಿಸುತ್ತಿದ್ದರೂ ಕೈ ಒಂದೇ ಹದದಲ್ಲಿ ಹೋಗುತ್ತಿತ್ತು. ನಿಲ್ಲಿಸಿದರೆ ಗಂಟು. ಆ ಹಲಗೆಯ ಚಿತ್ರ ಕಣ್ಣಿಗೆ ಬಂತು. ಮೋಟಾರನ್ನು ಬಿಟ್ಟುಬಿಡಬೇಕು ಎಂದು ಅಲ್ಲೇ ತೀರ್ಮಾನಿಸಿದೆ. ಕರೆಂಟು ಬೇಡ, ಹಲ್ಲು ಬೇಡ. ಕೀಲು, ಬೋಲ್ಟು, ನನ್ನ ಕೈ.

ಭಾವನಿಗೆ ಹೇಳುವುದೇ ಕಷ್ಟವಾಯಿತು. ಅವರು ಮೂರನೆಯ ಚಕ್ರ ಕೊರೆಯುತ್ತಿದ್ದರು.

"ಕೈಯಲ್ಲಿ ತಿರುಗಿಸ್ತೀಯಾ? ಅಷ್ಟಕ್ಕೆ ನಾನ್ಯಾಕೆ ಈ ಪಟ್ಟರೆ ಇಟ್ಕೊಂಡಿದೀನಿ? ಬಾಗಿಲ ಕೀಲು ಯಾವ ಬಡಗಿ ಹತ್ರಾನೂ ಸಿಗುತ್ತೆ, ಹೋಗು."

ಒಳಗಿನಿಂದ ಅಕ್ಕ ಕೂಗಿದಳು: "ಕೇಳಿದಷ್ಟು ಮಾಡಿಕೊಡ್ರೀ. ಎರಡು ಸಲ ಸುತ್ತಿದ ಆಕಾಶದಲ್ಲಿ ಒಂದು ಮೊಳ ಬಟ್ಟೆಯೂ ಬರಲಿಲ್ಲ."

ಭಾವ ಲೇತ್ ನಿಲ್ಲಿಸಿದರು. ಆಮೇಲೆ, "ಅಳತೆ ಹೇಳು" ಎಂದರು.

ಅವರ ಬಳಿ ಇದ್ದದ್ದೆಲ್ಲ ಇಂಚಿನ ಬೋಲ್ಟು. ಪುಸ್ತಕದ ಲೆಕ್ಕ ಮಿಲಿಮೀಟರಿನದು. ಹಾಗೇ ಕೊರೆದಿದ್ದರೆ ಮತ್ತೆ ಗೆರೆಯೇ. ಕೂತು ಲೆಕ್ಕ ಬದಲಾಯಿಸಿದೆ. ಇಂಚಿಗೆ ಇಪ್ಪತ್ತು ಸುತ್ತಿನ ಕಾಲಿಂಚು ಬೋಲ್ಟು, ನಿಮಿಷಕ್ಕೆ ಒಂದು ಸುತ್ತು ತಿರುಗಬೇಕಾದರೆ, ಕೀಲಿನ ಕಡ್ಡಿಯ ನಡುವಿನಿಂದ ಬೋಲ್ಟಿಗೆ ಹನ್ನೊಂದೂವರೆ ಇಂಚಿಗೆ ಒಂದು ಕೂದಲು ಕಡಿಮೆ ದೂರ ಇರಬೇಕು. ಭಾವ ಕೀಲನ್ನು ಬಡಗಿಯಿಂದ ತರಲಿಲ್ಲ. ಅಲ್ಲಾಡದಂಥ ಉದ್ದದ ಕೀಲನ್ನು ತಾವೇ ಕೊರೆದರು. ಬೋಲ್ಟಿನ ತಲೆಗೆ ಒಂದು ತಗಡಿನ ಬಿಲ್ಲೆ, ಅದಕ್ಕೆ ಗಡಿಯಾರದ ಗುರುತು. ಸೆಕೆಂಡಿನ ಮುಳ್ಳು ಎಲ್ಲಿದೆಯೋ ಬಿಲ್ಲೆಯ ಹಿಡಿಯೂ ಅಲ್ಲೇ ಇರಬೇಕು, ಅಷ್ಟೇ.

ಪುಸ್ತಕದ ಚಿತ್ರದಲ್ಲಿ ಹಲಗೆ ಕಡಿದಾಗಿ ನಿಂತಿತ್ತು, ಅದು ಬರೆದವರ ದೇಶದ ಆಕಾಶಕ್ಕೆ. ಕೀಲು ಧ್ರುವನಕ್ಷತ್ರದ ಕಡೆ ನೋಡಬೇಕು. ನಮ್ಮಲ್ಲಿ ಅದು ಹನ್ನೊಂದು ಡಿಗ್ರಿಯ ಎತ್ತರದಲ್ಲಿ, ಬೆಟ್ಟದ ಮೇಲಿನ ಮಂಜಿನಲ್ಲಿ ಇದ್ದೂ ಇಲ್ಲದಂತೆ. ಹಾಗಾಗಿ ಹಗಲಿನಲ್ಲೇ ಕೆಲಸ ಮುಗಿಸಿದೆ. ಅಣ್ಣನ ಕಣದಲ್ಲಿ ಒಂದು ಕೋಲು ನೆಟ್ಟು, ನಡುಹಗಲಿನ ಅತಿ ಗಿಡ್ಡ ನೆರಳಿನ ಮೇಲೆ ಸುಣ್ಣದ ಗೆರೆ ಎಳೆದೆ. ಅದು ಉತ್ತರ. ಕೋನಮಾಪಕಕ್ಕೆ ದಾರ, ಕಲ್ಲು ಕಟ್ಟಿ ಅಳೆದು ಕೀಲನ್ನು ಹನ್ನೊಂದು ಡಿಗ್ರಿ ಎತ್ತಿದೆ.

ಭಾವ ಬಗ್ಗಿ ನೋಡಿದರು. "ಇದೇನು ಬಾಗಿಲು, ಮಲಗೇ ಬಿಟ್ಟಿದೆಯಲ್ಲಾ."

"ನಮ್ಮೂರಿನ ಬಾಗಿಲು ಮಲಗಿಯೇ ಇರಬೇಕು ಭಾವ."

ಏಪ್ರಿಲಿನಲ್ಲಿ ಅಮಾವಾಸ್ಯೆ ಕಳೆದ ಮೇಲೆ ಧೂಮಕೇತು ಊಟದ ಹೊತ್ತಿಗೆ ದಕ್ಷಿಣದಲ್ಲಿ ಸಿಗುತ್ತಿತ್ತು. ಮೊದಲ ಸಂಜೆ ಬೇಸಿಗೆಯ ಮೋಡ ಕವಿದು ನಾಲ್ಕು ಹನಿ ಬಿತ್ತು. ಎರಡನೆಯ ಸಂಜೆ ಅರ್ಧದಲ್ಲಿ ಅಣ್ಣನ ನಾಯಿ ಹಲಗೆಯ ಕಾಲಿಗೆ ಮೈ ಉಜ್ಜಿತು. ನನಗೆ ಅಳುವೇ ಬಂತು. ಮೂರನೆಯ ಸಂಜೆ ನಾಯಿಯನ್ನು ಕಟ್ಟಿದರು. ಟಾರ್ಚಿಗೆ ಕತ್ತಲೆ ಕೋಣೆಯ ಕೆಂಪು ಕಾಗದ ಸುತ್ತಿ ಭಾವ ಗಡಿಯಾರದ ಮೇಲೆ ಹಿಡಿದರು. ನಾನು ನೆಲದ ಮೇಲೆ ಕೂತು, ಮೊಣಕೈಯನ್ನು ಮಂಡಿಗೆ ಊರಿ, ಮುಳ್ಳಿನ ಜೊತೆ ಹಿಡಿಯನ್ನು ಸರಿಸುತ್ತ ಹೋದೆ. ಪಂಪುಗಳು ಗುಡುಗಿದವು. ಗುಡುಗಲಿ. ಭಾವ ಟಾರ್ಚನ್ನು ಅಲ್ಲಾಡಿಸಲಿಲ್ಲ. ಒಂದು ಸಲ ಮಾತ್ರ ಮೆಲ್ಲಗೆ, "ಕೈ ನೋಯ್ತಿದ್ರೆ ನಾನು ಹಿಡೀಲಾ?" ಎಂದರು. ತಲೆ ಅಲ್ಲಾಡಿಸಿದೆ.

ತೊಳೆದೆ. ಚುಕ್ಕೆಗಳು ಚುಕ್ಕೆಗಳಾಗಿದ್ದವು. ಸೂಜಿಮೊನೆ ಚುಚ್ಚಿದ ಹಾಗೆ ಗುಂಡಗೆ, ಮೂಲೆಯವರೆಗೂ. ನಡುವೆ ಧೂಮಕೇತು, ಹತ್ತಿಯ ಒಂದು ಸಣ್ಣ ಉಂಡೆ. ಬಾಲ ಹುಡುಕಿದರೂ ಇರಲಿಲ್ಲ. ಆ ವಾರ ಅದಕ್ಕೆ ನಮ್ಮ ಕಣ್ಣಿಗೆ ಕಾಣುವಂಥ ಬಾಲವೇ ಇರಲಿಲ್ಲ, ನಾನೇನು ಮಾಡಲಿ? ಆದರೂ ಆ ದಿನ ಬೀಗ ಹಾಕುವಾಗ ರೂಮು ಉಳಿಯಿತು ಎಂದೇ ನಂಬಿದ್ದೆ.

ಮೇಡಂ ನೋಡಲಿ ಎಂದು ದೊಡ್ಡದಾಗಿ ಪ್ರಿಂಟು ಹಾಕಿ ಒಯ್ದೆ. ಕೆಲಸದ ಕಷ್ಟ ತಿಳಿಯಲೆಂದು ಮಾರ್ಚಿನ ಎರಡನೆಯ ಸಲದ ಕೆಟ್ಟ ಚಿತ್ರವನ್ನೂ ಇಟ್ಟುಕೊಂಡಿದ್ದೆ. ಮೇಡಂ ನನ್ನ ಗುಂಡು ಚುಕ್ಕೆಗಳನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇದರಲ್ಲಿ ಧೂಮಕೇತು ಎಲ್ಲಿ?"

ಬೆರಳು ಇಟ್ಟು ತೋರಿಸಿದೆ.

"ಇದು ಫಿಲ್ಮಿನ ಕಲೆ ಅಂದುಕೊಂಡೆ." ಮಾರ್ಚಿನ ಪ್ರಿಂಟು ಎತ್ತಿಕೊಂಡರು. ಮುಖ ಅರಳಿತು. "ಅಡಡಾ! ಇದನ್ನ ಯಾಕೆ ಕೆಳಗಿಟ್ಟಿದ್ದೀರಿ? ಎಂಥಾ ಬಾಲ! ಸುತ್ತಲೂ ಮುತ್ತು ಪೋಣಿಸಿದ ಹಾಗಿದೆ. ಇದನ್ನೇ ಹಾಕಿ. ರೂಮಿನ ವಿಷಯ ಮುಗಿಯಿತು, ಹೋಗಿ."

ಮುಗಿಯಿತು ಎಂದರು. ನಾನು ಪ್ರಿಂಟು ಎತ್ತಿಕೊಂಡು ಹೊರಗೆ ಬಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಹೊರಡಲಿಲ್ಲ. ಆ ಹುಡುಗಿಯರಿಗೆ ವರ್ಷವಿಡೀ ನಾನು ಹೇಳಿಕೊಟ್ಟದ್ದು ಒಂದೇ: ಕಂಡದ್ದನ್ನು ಬರೆಯಿರಿ, ಬರಬೇಕಾದದ್ದನ್ನಲ್ಲ.

"ಮೇಡಂ, ಅದು ಬಾಲ ಅಲ್ಲ. ಪೀಠ ಹಿಂದೆ ಬಿದ್ದು ಉಜ್ಜಿಕೊಂಡಿರೋದು. ಮುತ್ತು ಅಂದಿರಲ್ಲ, ಅದು ಹಲ್ಲುಚಕ್ರದ ನೆಗೆತ."

"ಅದು ಗೊತ್ತಾಗೋದು ನಿಮಗೊಬ್ಬರಿಗೆ."

"ಚಿತ್ರದ ಕೆಳಗೆ ಫಿಸಿಕ್ಸ್ ವಿಭಾಗ ಅಂತ ಬರೀತೀವಿ ಮೇಡಂ."

ಅವರು ಎರಡೂ ಪ್ರಿಂಟನ್ನು ನನ್ನ ಕಡೆ ಸರಿಸಿದರು. ಕೊನೆಗೆ ನನ್ನ ಗುಂಡು ಚುಕ್ಕೆಯ ಚಿತ್ರವೇ ಪ್ರದರ್ಶನಕ್ಕೆ ಹೋಯಿತು, ಬಾಗಿಲ ಹಿಂದಿನ ಗೋಡೆಗೆ. ಅದರ ಮುಂದೆ ಹೆಚ್ಚು ಜನ ನಿಲ್ಲಲಿಲ್ಲ. ನಿಂತವರೂ ಬಾಲ ಕೇಳಿದರು. ರೂಮಿನ ತೀರ್ಪು ಪ್ಯೂನನ ಬಾಯಲ್ಲಿ ಬಂತು: ಅರ್ಧ ನಿಮಗೆ, ಅರ್ಧ ಹೊಲಿಗೆಗೆ.

ಭಾವನಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕ ನಗುವಿಗೆ ಅಕ್ಕ ಹೊರಗೆ ಬಂದಳು. "ನೋಡಿದ್ಯಾ? ನನ್ನ ಹಲ್ಲುಚಕ್ರ ಬಾಲ ಇಲ್ಲದ್ದಕ್ಕೆ ಬಾಲ ಕೊಡ್ತು. ನೀನು ಇದ್ದದ್ದನ್ನೂ ಕತ್ತರಿಸಿ ಬಂದೆ." ಆ ಹಸಿರು ಪೀಠ ಈಗಲೂ ಅವರ ಪಟ್ಟರೆಯಲ್ಲಿದೆ, ಅದರ ಮೇಲೆ ಊಟದ ಡಬ್ಬಿ ಇಡುತ್ತಾರೆ.

ಜೂನಿನಲ್ಲಿ ಕಾಲೇಜು ತೆರೆದಾಗ ರೂಮಿನ ನಡುವೆ ಕಪ್ಪು ಪರದೆ ಬಂದಿತ್ತು. ಹೊಲಿಗೆ ಟೀಚರೇ ಬೆಳಕು ನುಸುಳದಂತೆ ಎರಡು ಪದರ ಇಟ್ಟು ಹೊಲಿದಿದ್ದರು. ಬೆಳಕೇನೋ ಬರಲಿಲ್ಲ, ನಡುಕ ಬಂತು. ಆಚೆ ಹುಡುಗಿಯರು ಮಿಷನ್ನು ತುಳಿದರೆ ಈಚೆ ಚಿತ್ರವನ್ನು ಹಿಗ್ಗಿಸಿ ಕಾಗದಕ್ಕೆ ಇಳಿಸುವ ನನ್ನ ಎನ್‌ಲಾರ್ಜರು ನಡುಗುತ್ತದೆ. ಅಣ್ಣನ ಮನೆಗೆಂದು ಅದೇ ನೆಗೆಟಿವಿನ ಒಂದು ಪ್ರಿಂಟು ಹಾಕಿದೆ, ಚುಕ್ಕೆಗಳೆಲ್ಲ ಜೋಡಿಯಾಗಿ ಬಂದವು. ಇನ್ನೊಂದು ಹಾಕಿದೆ, ಮತ್ತೆ ಜೋಡಿ. ಹರಿದು ಹಾಕಿ ಪರದೆಯ ಬಳಿ ಹೋದೆ.

"ಟೀಚರ್, ಸ್ವಲ್ಪ ಹೊತ್ತು ತುಳಿಯೋದು ನಿಲ್ಲಿಸ್ತೀರಾ?"

"ಹೇ ಹುಡುಗೀರಾ, ಕಾಲು ಎತ್ತಿ! ಅಕ್ಕ ಆಕಾಶ ಇಳಿಸ್ತಿದಾರೆ."

ಮಿಷನ್ನುಗಳು ನಿಂತವು. ಎನ್‌ಲಾರ್ಜರಿನ ದೀಪ ಹಾಕಿದೆ. ಆಚೆಯಿಂದ ಟೀಚರ್ ನನಗಾಗಿ ಗಟ್ಟಿಯಾಗಿ ತಮಿಳಿನಲ್ಲಿ ಸೆಕೆಂಡು ಎಣಿಸತೊಡಗಿದರು, ಹುಡುಗಿಯರೂ ಜೊತೆಗೂಡಿದರು. ದೀಪ ಆರಿಸಿ ಕಾಗದವನ್ನು ರಸಾಯನದ ತಟ್ಟೆಗೆ ಇಳಿಸಿದೆ. ಬೆಳಕು ನುಸುಳದಂತೆ ಪರದೆಯ ಎರಡು ಪದರಗಳ ನಡುವಿನಿಂದ ಟೀಚರ್ ತಲೆ ಹಾಕಿದರು. ಕೆಂಪು ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಆಕಾಶ ನಿಧಾನವಾಗಿ ಕಪ್ಪಾಗುತ್ತ ಬಂತು, ಚುಕ್ಕೆಗಳನ್ನು ಬೆಳ್ಳಗೆ ಬಿಟ್ಟುಕೊಂಡು.

"ಬಾಲ ಇಲ್ಲವಲ್ಲಕ್ಕಾ."

"ಇಲ್ಲ."

"ಎಲ್ಲಾ ಗುಂಡಗಿವೆ," ಎಂದರು. ಇನ್ನೂ ಹತ್ತಿರ ಬಗ್ಗಿದರು. "ಒಂದೂ ಎಳೆದುಕೊಂಡಿಲ್ಲ."

ಅಷ್ಟು ಹೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನು ಕಾಗದವನ್ನು ಇಕ್ಕಳದಿಂದ ಎತ್ತಿ ನೀರಿಗೆ ಬಿಟ್ಟೆ. ಆಚೆ ಯಾವಳೋ ಹುಡುಗಿ, "ಟೀಚರ್, ಕಾಲು ಇಳಿಸಲಾ?" ಎಂದು ಕೂಗಿದಳು. "ಇಳಿಸಿ" ಎಂದರು. ನೀರಿನ ತಟ್ಟೆ ಮೆಲ್ಲಗೆ ನಡುಗತೊಡಗಿತು.